ಬಿಳಿಕೆರೆಯಲ್ಲಿ ಬಿಸಿಯಾದ ತಮಟೆ

ದೆವ್ವಗಿವ್ವದ ಮಾತೆತ್ತಿದವರನ್ನು ಗೇಲಿ ಮಾಡಿ ಬಾಯಿ ಮುಚ್ಚಿಸುವುದು ನನ್ನ ಹಳೆಯ ಚಾಳಿ. ಈಗ ಆ ಮಾತು ಬಂದರೆ ಎದ್ದು ಹೋಗುತ್ತೇನೆ. ನಂಬಿಕೆ ಬಂತೆಂದಲ್ಲ. ಬಿಳಿಕೆರೆಯಲ್ಲಿ ಆದದ್ದನ್ನು ನನಗೇ ಇನ್ನೂ ಅರಗಿಸಿಕೊಳ್ಳಲು ಆಗಿಲ್ಲ.

ಕಂಪಲಾಪುರದ ಹತ್ತಿರದ ನಮ್ಮೂರಿನಲ್ಲಿ ಐದು ಜನರ ತಮಟೆ ತಂಡ ನಮ್ಮದು. ನನಗೆ ಬಡಿತ ಕಲಿಸಿದವರು ಸೋದರಮಾವ ಸಿದ್ದಯ್ಯ. ಚರ್ಮದ ತಮಟೆ ತಂಪಿಗೆ ಸಡಿಲವಾಗುತ್ತದೆ. ಆಗಾಗ ಹುಲ್ಲಿನ ಬೆಂಕಿಗೆ ಹಿಡಿದು ಬಿಗಿ ಮಾಡಬೇಕು. ಕೈ ನಡುಗಲು ಶುರುವಾದ ಮೇಲೆ ಮಾವ ಬಾರಿಸುವುದನ್ನು ಬಿಟ್ಟು ಅದೊಂದೇ ಕೆಲಸಕ್ಕೆ ನಿಂತರು. ಕಾಯಿಸಿದ ಐದನ್ನೂ ಇಬ್ಬನಿ ತಾಗದಂತೆ ಮುಖ ಗೋಡೆಗೆ ಮಾಡಿ ಸಾಲಾಗಿ ಒರಗಿಸುತ್ತಿದ್ದರು.

ಆಮೇಲೆ ನಾವು ಫೈಬರ್ ತಮಟೆ ತಂದೆವು. ಅದನ್ನು ಕಾಯಿಸುವ ಹಾಗಿಲ್ಲ, ಕಾಯಿಸಿದರೆ ಕೆಟ್ಟುಹೋಗುತ್ತದೆ. ಇನ್ನು ನಿಮಗೆ ಕೆಲಸವಿಲ್ಲ ಎಂದು ಮಾವನಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. “ಉಸಾರಿಲ್ವಲ್ಲ ಮಾವ, ಈ ಸಲ ಮನೇಲೇ ಇರಿ,” ಎಂದೆ.

“ಅಂಗಾರೆ ಕಾಯ್ಸೋರ್ಯಾರ್ಲಾ?” ಎಂದು ಕೇಳಿದರು.

“ನಾವೇ ನೋಡ್ಕತೀವಿ ಬುಡಿ,” ಎಂದು ತಪ್ಪಿಸಿಕೊಂಡೆ. ಎರಡು ತಿಂಗಳಿಗೆ ಅವರು ತೀರಿಕೊಂಡರು.

ತಿಥಿ ಮುಗಿದ ಮೇಲೆ ನಮ್ಮ ಮೊದಲ ಕಾರ್ಯಕ್ರಮ ಬಿಳಿಕೆರೆ ಹತ್ತಿರದ ಹೆದ್ದಾರಿ ಬಾರೊಂದರಲ್ಲಿ, ಭಾನುವಾರ ಸಂಜೆ. ಅಂಗಳದ ತುಂಬ ಬಲ್ಬಿನ ಸರ, ಕಬಾಬಿನ ವಾಸನೆ, ಕಾಲಿಡಲು ಜಾಗವಿಲ್ಲ. ಬಡಿತ ಏರಿದ ಹಾಗೆ ಲಾರಿ ಡ್ರೈವರುಗಳು ಗ್ಲಾಸು ಕೆಳಗಿಟ್ಟು ಕುಣಿದರು. ಕೌಂಟರಿನಲ್ಲಿದ್ದವನೂ ಕಿವಿಗೆ ಪೆನ್ನು ಸಿಕ್ಕಿಸಿಕೊಂಡು ಬಂದು ಎರಡು ಹೆಜ್ಜೆ ಹಾಕಿದ. ನಿಜ ಹೇಳಬೇಕೆಂದರೆ, ಮಾವನನ್ನು ಮರೆತು ಖುಷಿಯಲ್ಲಿದ್ದೆ.

ನಡುವೆ ಊಟಕ್ಕೆ ಬಿಟ್ಟರು. ತಮಟೆಗಳನ್ನು ವೇದಿಕೆಯ ಮೇಲೇ ಹೇಗೆ ಬೇಕೋ ಹಾಗೆ ಹಾಕಿ ಒಳಗೆ ಹೋದೆವು. ಐವರೂ ಒಂದೇ ಮೇಜಿನಲ್ಲಿ ಉಂಡೆವು. ವಾಪಸು ಬಂದಾಗ ವೇದಿಕೆ ಖಾಲಿ. ಹಿಂದಿನ ಕಾಂಪೌಂಡಿಗೆ ಐದೂ ಸಾಲಾಗಿ ಒರಗಿದ್ದವು, ಮುಖ ಗೋಡೆಯ ಕಡೆಗೆ. ನನ್ನದನ್ನು ಎತ್ತಿಕೊಂಡೆ. ಅಂಗೈ ಚುರುಗುಟ್ಟಿತು. ಬಿಳಿ ಫೈಬರಿನ ನಡುವೆ ಕಂದು ಕಲೆಯಿತ್ತು, ಸುಟ್ಟ ಹುಲ್ಲಿನ ವಾಸನೆ ಬರುತ್ತಿತ್ತು. ಮಿಕ್ಕ ನಾಲ್ಕಕ್ಕೂ ಅದೇ ಬಿಸಿ, ಅದೇ ಕಲೆ.

“ಯಾವನ್ಲಾ ಕಾಯ್ಸಿದ್ದು? ಫೈಬರ್‌ನ ಯಾರಾದ್ರೂ ಕಾಯ್ಸ್ತಾರಾ?” ಎಂದು ಜೊತೆಗಾರ ಮಹದೇವ ರೇಗಿದ.

ನಾನು ನೆಲವೆಲ್ಲ ಹುಡುಕಿದೆ. ಬೂದಿ ಇಲ್ಲ, ಒಂದು ಎಳೆ ಹುಲ್ಲೂ ಇಲ್ಲ. ಗೋಡೆ ಮುಟ್ಟಿದೆ, ತಣ್ಣಗಿತ್ತು. ಬಾರಿನವರನ್ನೆಲ್ಲ ಕೇಳಿದೆ, ಆ ಕಡೆಗೇ ಹೋಗಿಲ್ಲ ಎಂದರು. ಉಳಿದ ನಾಲ್ವರು ಹೇಗೋ ಕಾರ್ಯಕ್ರಮ ಮುಗಿಸಿದರು, ನನಗೆ ಬಾರಿಸಲು ಆಗಲಿಲ್ಲ.

ಮರುದಿನ ಮಾವನ ಮನೆಗೆ ಹೋಗಿ ಅತ್ತೆಗೆ ತಮಟೆ ತೋರಿಸಿ ಎಲ್ಲ ಹೇಳಿದೆ. ಅವರು ಹೆದರಲಿಲ್ಲ, ಅಳಲೂ ಇಲ್ಲ. ಕಂದು ಕಲೆಯ ಮೇಲೆ ಬೆರಳಾಡಿಸಿದರು.

“ಇದ ಕಾಯ್ಸಬಾರ್ದು ಅಂತ ನಿಮ್ಮಾವಂಗೆ ನೀ ಯೋಳಿದ್ಯಾ?” ಎಂದರು.

ಬಾರಿನ ಯಾವನೋ ತಮಾಷೆಗೆ ಮಾಡಿರಬೇಕು ಎಂದು ಇವತ್ತಿಗೂ ನನಗೆ ನಾನೇ ಹೇಳಿಕೊಳ್ಳುತ್ತೇನೆ. ಹಾಗಾದರೆ ಮುಖ ಗೋಡೆಗೆ ಮಾಡಿ ಇಡಬೇಕೆಂದು ಅವನಿಗೆ ಕಲಿಸಿದವರು ಯಾರು? ನನಗೆ ಗೊತ್ತಿಲ್ಲ. ಅತ್ತೆ ಕೇಳಿದ್ದಕ್ಕೆ ಮಾತ್ರ ಉತ್ತರ ಗೊತ್ತಿದೆ. ನಾನು ಹೇಳಿರಲಿಲ್ಲ.