ಉಗಿಯ ಚಿತ್ರ ಮತ್ತು ಐದು ಗಂಟೆಯ ಬಸ್ಸು

ಪರದೆಯಲ್ಲಿ ಸಿನಿಮಾದ ಕೆಳಗಿನ ಗೆರೆ ಒಂದು ಗಂಟೆ ಮೂವತ್ತೆಂಟು ನಿಮಿಷಕ್ಕೆ ಬಂದಿತ್ತು. ಎರಡನೇ ಬೆಂಚಿನ ಹುಡುಗಿ ಎದ್ದು, ಬ್ಯಾಗನ್ನು ಒಂದೇ ಹೆಗಲಿಗೆ ಹಾಕಿಕೊಂಡು, ನನ್ನ ಕಡೆ ನೋಡಿದಳು.

"ಮೇಡಮ್, ನಾಕರ ಬಸ್ ಅದರಿ."

"ಕೂಡು, ಈಗ ಚಲೋ ಬರ್ತದ. ಇನ್ನ ಅರ್ಧಾ ತಾಸು ಅಷ್ಟ. ಐದರ ಬಸ್ಸಿಗೆ ಹೋಗು," ಎಂದೆ.

ಅವಳು ಏನೋ ಹೇಳಲು ಬಾಯಿ ತೆರೆದಳು. ನಾನು ಅದನ್ನು ನೋಡಿದೆ, ಆದರೆ ಕೇಳಲಿಲ್ಲ. ನನ್ನ ಕಣ್ಣು ಆಗಲೇ ಪರದೆಯ ಮೇಲಿತ್ತು. ಅವಳು ಮತ್ತೆ ಕೂತಳು.

ನನ್ನ ಊರು ಜೇವರ್ಗಿ. ಎರಡು ವರ್ಷದಿಂದ ಆಳಂದದ ಒಂದು ಪದವಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದೇನೆ. ಅಲ್ಲೇ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದೇನೆ. ಸ್ಟಾಫ್ ರೂಮಿನಲ್ಲಿ ನಾನು ಮಾತಾಡುವುದು ಕಡಿಮೆ. ಮಾತಾಡಿದರೆ ನಿಲ್ಲಿಸಲಾಗದ ವಿಷಯ ಒಂದೇ ಒಂದಿದೆ. ಅದು ಸ್ಟೀಮ್‌ಪಂಕ್. ಅದಕ್ಕೆ ಕನ್ನಡದಲ್ಲಿ ಹೆಸರಿಲ್ಲ. ಪೆಟ್ರೋಲೂ ಕರೆಂಟೂ ಬಾರದೆ, ಲೋಕವೆಲ್ಲ ಉಗಿಯ ಬಲದಲ್ಲೇ ಮುಂದೆ ಸಾಗಿದ್ದರೆ ಹೇಗಿರುತ್ತಿತ್ತು ಎಂದು ಊಹಿಸುವ ಕತೆಗಳು ಅವು. ಹಿತ್ತಾಳೆಯ ಕೊಳವೆಗಳು, ಹಾರುವ ಹಡಗುಗಳು, ಕೀಲಿ ಕೊಟ್ಟರೆ ನಡೆಯುವ ಲೋಹದ ಆಳುಗಳು. ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿದ್ದಾಗ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಗೋಡೆಯ ಕಡೆ ತಿರುಗಿ ನಾನು ನೋಡಿದ್ದೆಲ್ಲ ಇವೇ.

ಒಂದು ದಿನ ಪಾಠದ ನಡುವೆ ಈ ಮಾತು ಬಾಯಿ ತಪ್ಪಿ ಬಂತು. ಎಂಟು ವಿದ್ಯಾರ್ಥಿಗಳು, ನಾವು ಹೊಸಬರು, ಎಲ್ಲಿಂದ ಶುರು ಮಾಡಬೇಕು ಹೇಳಿ ಎಂದು ಹಿಂದೆ ಬಿದ್ದರು. ನಾನು ಒಂದು ವಾರ ಕೂತು ಪಟ್ಟಿ ಮಾಡಿದೆ. ಹೊಸಬರಿಗೆ ಚಿತ್ರ ಸೂಚಿಸುವುದು ನನಗೆ ಪರೀಕ್ಷೆಗಿಂತ ಹೆಚ್ಚು ಅಂಜಿಕೆಯ ಕೆಲಸ. ಮೊದಲನೆಯದು ರುಚಿಸದಿದ್ದರೆ ಎರಡನೆಯದನ್ನು ಯಾರೂ ಕೇಳುವುದಿಲ್ಲ. ಅದಕ್ಕಾಗಿ ಕೆಲವು ನಿಯಮ ಹಾಕಿಕೊಂಡಿದ್ದೆ. ಮೊದಲು ಅರ್ಧ ಗಂಟೆಯ ಒಂದು ಆನಿಮೇಷನ್. ಮಾತು ಕಡಿಮೆ ಇರಬೇಕು, ಭಾಷೆ ಅಡ್ಡ ಬರಬಾರದು. ಆಮೇಲೆ ಒಂದೆರಡು ಸಣ್ಣ ಕತೆ, ಅದೂ ಯಂತ್ರ ಮಾಡಿದವನ ಕತೆಯಲ್ಲ, ಯಂತ್ರ ಬೇಕಾದವರ ಕತೆ. ಟೊಪ್ಪಿಗೆಗೆ ಸುಮ್ಮನೆ ಗಡಿಯಾರದ ಚಕ್ರ ಅಂಟಿಸಿಕೊಂಡು ಓಡಾಡುವ ಚಿತ್ರಗಳು ಬೇಡವೇ ಬೇಡ. ಚಕ್ರ ಇದ್ದರೆ ಅದು ಏನನ್ನಾದರೂ ತಿರುಗಿಸಬೇಕು. ದಪ್ಪ ಕಾದಂಬರಿಗಳು ಕೊನೆಗೆ. ನನಗೆ ಎಲ್ಲಕ್ಕಿಂತ ಪ್ರಿಯವಾದ, ಎರಡು ಗಂಟೆ ಹನ್ನೊಂದು ನಿಮಿಷದ ಚಿತ್ರವನ್ನು ಆರನೆಯದಾಗಿ ಬರೆದಿದ್ದೆ.

ಶನಿವಾರ ಮಧ್ಯಾಹ್ನ ಎರಡಕ್ಕೆ ತರಗತಿಯ ಕಿಟಕಿ ಮುಚ್ಚಿ ಪ್ರೊಜೆಕ್ಟರ್ ಹಚ್ಚಿದಾಗ ನಾನು ಹಾಕಿದ್ದು ಆ ಆರನೆಯದನ್ನೇ. ಎಂಟು ಮುಖಗಳು ನನ್ನನ್ನು ನೋಡುತ್ತಿದ್ದವು. ನನಗೆ ಕಾಯಲಾಗಲಿಲ್ಲ.

ಎರಡನೇ ಬೆಂಚಿನ ಹುಡುಗಿಯ ಬಗ್ಗೆ ನನಗೆ ಗೊತ್ತಿರಲಿಲ್ಲ ಎನ್ನುವಂತಿಲ್ಲ. ಅವಳದು ಭೂಸನೂರ ದಾರಿಯ ಒಂದು ಹಳ್ಳಿ. ತಂದೆ ಸಕ್ಕರೆ ಕಾರ್ಖಾನೆಯ ಬಾಯ್ಲರಿನಲ್ಲಿ ಕೆಲಸ ಮಾಡುತ್ತಾರೆ. ಮೂರ್ಸಂಜೆಯೊಳಗೆ ಮನೆಯಲ್ಲಿರಬೇಕು ಎಂಬ ಒಂದೇ ಷರತ್ತಿನ ಮೇಲೆ ಅವಳನ್ನು ಡಿಗ್ರಿಗೆ ಕಳಿಸಿದ್ದರು. ಅವಳ ಅಕ್ಕನಿಗೂ ಅದೇ ಷರತ್ತು ಇತ್ತು. ಒಂದು ಸಂಜೆ ತಡವಾಯಿತು. ಅಕ್ಕನ ಓದು ಪಿಯುಸಿಗೆ ನಿಂತಿತು. ಇದನ್ನು ಪ್ರವೇಶದ ದಿನ ಅವಳೇ ನನಗೆ ಹೇಳಿದ್ದಳು.

ಚಿತ್ರ ನಾಲ್ಕೂ ಹನ್ನೊಂದಕ್ಕೆ ಮುಗಿಯಿತು. ಯಾರೂ ನಡುವೆ ಎದ್ದು ಹೋಗಲಿಲ್ಲವೆಂಬ ಸಂತೋಷದಲ್ಲಿ ನಾನು ಅವಳ ಜೊತೆ ಬಸ್ ನಿಲ್ದಾಣದವರೆಗೆ ನಡೆದೆ. ಅಲ್ಲಿ ಕಾಲಿಡಲು ಜಾಗವಿರಲಿಲ್ಲ. ಜನರ ಕೈಯಲ್ಲಿ ತೆಂಗಿನಕಾಯಿಯ ಚೀಲ, ಬುತ್ತಿಯ ಗಂಟು, ಹೆಗಲ ಮೇಲೆ ಕೂಸುಗಳು. ಐದು ಕಳೆಯಿತು. ನಮ್ಮ ಬಸ್ಸು ಬರಲಿಲ್ಲ. ಕಂಟ್ರೋಲರ್ ಕಿಟಕಿಗೆ ಹೋಗಿ ಕೇಳಿದೆ.

"ಐದರದ್ದು ಘತ್ತರಗಿಗೆ ಬಿಟ್ಟೇವ್ರಿ," ಎಂದರು ಅವರು. "ಇವತ್ತ ಅಮಾಸಿ ಅಲ್ಲೇನ್ರಿ? ಎಲ್ಲಾ ಮಂದಿ ಭಾಗ್ಯವಂತಿ ಕಡೀಗೇ ಹೊಂಟದ. ಇನ್ನ ನಿಮ್ದು ಏಳಕ್ಕ."

ಅಮಾವಾಸ್ಯೆಗೆ ಬಸ್ಸುಗಳು ಘತ್ತರಗಿಯ ಭಾಗ್ಯವಂತಿ ದೇವಿಯ ಗುಡಿಗೆ ತಿರುಗುತ್ತವೆ ಎಂಬುದು ಈ ಸೀಮೆಯ ಸಣ್ಣ ಮಕ್ಕಳಿಗೂ ಗೊತ್ತು. ನಾನು ಚಿತ್ರದ ನಿಮಿಷ ಲೆಕ್ಕ ಹಾಕಿದ್ದೆ, ತಿಥಿ ನೋಡಿರಲಿಲ್ಲ.

"ನಿನಗ ಗೊತ್ತಿತ್ತೇನು?" ಎಂದು ಅವಳನ್ನು ಕೇಳಿದೆ.

"ಗೊತ್ತಿತ್ರಿ."

"ಮತ್ತ ಯಾಕ ಹೇಳ್ಲಿಲ್ಲ?"

"ನೀವು ಭಾಳ ಖುಷೀಲಿದ್ರಿ ಮೇಡಮ್. ಅಷ್ಟು ನಕ್ಕಿದ್ದು ನಾ ಯಾವತ್ತೂ ನೋಡಿದ್ದಿಲ್ಲ."

ಅವಳ ಮನೆಗೆ ಫೋನ್ ಮಾಡಿದೆವು. ರಿಂಗಾಯಿತು, ಯಾರೂ ಎತ್ತಲಿಲ್ಲ. ಆರಕ್ಕೆ ಸ್ವಲ್ಪ ಮೊದಲು ಆ ದಾರಿಯ ಒಂದು ಟಂಟಂ ಆಟೊ ಸಿಕ್ಕಿತು. ಅವಳೊಬ್ಬಳನ್ನೇ ಕಳಿಸಲು ಧೈರ್ಯ ಬರದೆ ನಾನೂ ಹತ್ತಿದೆ. ಒಳಗೆ ಸಂತೆ ಮುಗಿಸಿದ ನಾಲ್ಕು ಹೆಂಗಸರಿದ್ದರು. ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳು. ಪ್ರತಿ ಟ್ರ್ಯಾಕ್ಟರಿನ ಹಿಂದೆ ನಮ್ಮ ಗಾಡಿ ನಿಧಾನವಾದಾಗ ಅವಳು ಆಕಾಶ ನೋಡುತ್ತಿದ್ದಳು. ಬೆಳಕು ಬೇಗ ಬೇಗ ಇಳಿಯುತ್ತಿತ್ತು. ಮನೆಯಲ್ಲಿ ಏನು ಹೇಳಬೇಕೆಂದು ನಾನು ಮನಸ್ಸಿನಲ್ಲಿ ಮೂರು ವಾಕ್ಯ ಜೋಡಿಸಿಕೊಂಡೆ. ಮೂರೂ ಸರಿಯಾಗಿದ್ದವು.

ನಾವು ಮುಟ್ಟಿದಾಗ ಮನೆಯ ಮುಂದಿನ ದೀಪ ಹತ್ತಿತ್ತು. ತಂದೆ ಹಗ್ಗದ ಹೊರಸಿನ ಮೇಲೆ ಕೂತಿದ್ದರು. ತಾಯಿ ಹೊಸ್ತಿಲಲ್ಲಿ ನಿಂತಿದ್ದರು.

"ಯಾಕ ತಡಾತು?" ತಂದೆಯ ದನಿ ಏರಲಿಲ್ಲ.

ನಾನು ಮೊದಲನೆಯ ವಾಕ್ಯ ಶುರು ಮಾಡುವಷ್ಟರಲ್ಲಿ ಹುಡುಗಿ ಹೇಳಿದಳು: "ನಾನಽ ಕೂತೆ ಅಪ್ಪ. ಮೇಡಮ್ ನಾಕಕ್ಕಽ ಹೋಗು ಅಂದ್ರು. ಸಿನಿಮಾ ಬಿಟ್ಟು ಏಳಾಕ ಮನಸಾಗ್ಲಿಲ್ಲ."

ಅದು ಸುಳ್ಳು. ಅವಳು ನನ್ನ ಕಡೆ ನೋಡಲಿಲ್ಲ. ನಾನು ಬಾಯಿ ತೆರೆಯಬೇಕಿತ್ತು. ತೆರೆಯಲಿಲ್ಲ.

"ಏನ್ ಸಿನಿಮಾ ಬೇ ಅದು, ಮನಿ ಮರೆಯೂವಂಥಾದ್ದು?" ತಾಯಿ ಕೇಳಿದರು.

"ಬಾಯ್ಲರಿಂದು ಯವ್ವ. ಉಗಿ ಮ್ಯಾಲೆ ಹಡಗ ಹಾರ್ತದ."

"ನಿಮ್ಮಪ್ಪ ದಿನಾ ಅದನಽ ಮಾಡಾಕತ್ತಾನ. ಅದನ್ನ ನೋಡಾಕ ಆಳಂದಕ್ಕ ಹೋಗ್ಬೇಕೇನ?"

ಯಾರೂ ನಗಲಿಲ್ಲ. ತಂದೆ ನನ್ನ ಕೈಯಲ್ಲಿದ್ದ ಲ್ಯಾಪ್‌ಟಾಪಿನ ಚೀಲ ನೋಡಿದರು. "ಅದರಾಗ ಅದ ಏನ್ರಿ? ತೋರಸ್ರಿ. ಏನ್ ನೋಡಾಕತ್ತಾಳ ನಾನೂ ನೋಡ್ತೇನಿ."

ನಾನು ಹೊರಸಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಚಿತ್ರ ಹಾಕಿದೆ. ಇಷ್ಟು ಹೊಸಬರಾದ ಪ್ರೇಕ್ಷಕರು ನನಗೆ ಸಿಕ್ಕಿರಲಿಲ್ಲ. ಮೋಡದ ಮೇಲೆ ಹಡಗು ತೇಲಿ ಬಂತು. ನಾನು ಹತ್ತಾರು ಸಲ ಉಸಿರು ಹಿಡಿದು ನೋಡಿದ ದೃಶ್ಯ ಅದು. ಈಗ ನೋಡಿದ್ದು ಅವಳ ತಂದೆಯ ಮುಖವನ್ನು ಮಾತ್ರ.

"ಬೆಂಕಿ ಎಲ್ಲದರಿ?" ಎಂದರು.

"ಒಳಗದರಿ."

"ಹಾಕವ್ರು ಯಾರು?"

"ಅವರನ್ನ ತೋರಸಂಗಿಲ್ರಿ."

"ನೀರಿನ ಗಾಜು ಕಾಣವಲ್ದು. ನೀರು ಎಷ್ಟದ ಅಂತ ಹ್ಯಾಂಗ ತಿಳೀತದ ಇವ್ರಿಗೆ?" ಅವರು ಇನ್ನೂ ಮುಂದೆ ಬಾಗಿದರು. "ಎಲ್ಲಾರೂ ಮ್ಯಾಲ ನಿಂತು ಕೋಟ್ ಹಾಕ್ಕೊಂಡು ಮಾತಾಡಾಕತ್ತಾರ. ಬಾಯ್ಲರ್ ತಾನಽ ನಡೀತದೇನು?"

"ಅಷ್ಟು ಹೊಗಿ ಅದ, ಅಂಗಿ ನೋಡ್ರಿ ಎಷ್ಟು ಬೆಳ್ಳಗ ಅವ," ಎಂದರು ತಾಯಿ. "ಯಾವ ಸಾಬಾಣ ಕೇಳ್ರಿ ಅಕ್ಕೋರ."

ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ತಂದೆ ತಿರುಗಿ ನೋಡಿದರು, ನಗು ನಿಂತಿತು. ಅವರ ಮುಂಗೈಯಿಂದ ಮೊಳಕೈವರೆಗೆ ನುಣುಪಾದ, ಕೂದಲಿಲ್ಲದ ಚರ್ಮವಿತ್ತು. ಉಗಿ ಬಡಿದದ್ದು ಎಂದು ಯಾರೂ ಹೇಳಬೇಕಾಗಿರಲಿಲ್ಲ. ಇಷ್ಟು ವರ್ಷ ಉಗಿಯನ್ನು ನಾನು ಚೆಲುವಾದ ಬಿಳಿ ಮೋಡವೆಂದು ನೋಡಿದ್ದೆ, ಹಾಗೆಂದೇ ಇತರರಿಗೂ ಹೇಳಿದ್ದೆ. ಬಾಯ್ಲರಿನವರ ಮಗಳನ್ನು ಎದುರಿಗೆ ಕೂಡಿಸಿಕೊಂಡು ಪಾಠದಂತೆ ಹೇಳಿದ್ದೆ. ಅವಳು ಒಂದು ಸಲವೂ ತಿದ್ದಿರಲಿಲ್ಲ.

ಹೊರಗೆ ಟಂಟಂನವನು ಹಾರ್ನ್ ಹೊಡೆದ. ಅವನು ಆಳಂದಕ್ಕೆ ಹೊರಳಿ ಹೋಗುವವನಿದ್ದ. ನಾನು ಎದ್ದೆ.

"ಸೋಮವಾರ ಬರ್ತಾಳಲ್ರಿ?" ಎಂದು ಕೇಳಿದೆ.

"ನೋಡೂನ್ರಿ," ಎಂದರು ತಂದೆ.

ನಮ್ಮ ಕಡೆ ಮನೆಗಳಲ್ಲಿ ಆ ಮಾತಿನ ಅರ್ಥ ಬಹುಮಟ್ಟಿಗೆ ಇಲ್ಲವೆಂದೇ. ನನ್ನ ಎಂ.ಎ. ಪ್ರವೇಶದ ಬಗ್ಗೆ ನಮ್ಮ ಮನೆಯಲ್ಲಿ ಎರಡು ತಿಂಗಳು ಕೇಳಿದ್ದೂ ಇದೇ ಮಾತು. ಆಗ ನನ್ನ ಪರವಾಗಿ ಬಾಯಿ ಬಿಡುವವರು ಒಬ್ಬರಿದ್ದರು.

ಕೋಣೆಗೆ ಬಂದ ಮೇಲೆ ಅವಳಿಗೆ ಒಂದು ಮೆಸೇಜ್ ಬರೆದೆ. ಅವಳ ತಂದೆಯ ಫೋನಿಗೇ ಹೋಗುತ್ತದೆಂದು ನೆನಪಾಗಿ ಅಳಿಸಿದೆ. ತಡಮಾಡಿದ್ದು ನಾನು, ಹೊಣೆ ಹೊತ್ತದ್ದು ಅವಳು. ನಾನು ಸುಮ್ಮನಿದ್ದುದನ್ನು ಸಂಕೋಚ ಎಂದು ಕರೆದುಕೊಳ್ಳಲು ನೋಡಿದೆ. ಆ ಹೆಸರು ಹೊಂದಲಿಲ್ಲ.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಹೋದೆ. ಭಾನುವಾರ ತಂದೆಗೆ ರಜೆ. ಅವರು ಅಂಗಳದಲ್ಲಿ ಸೈಕಲ್ ಒರೆಸುತ್ತಿದ್ದರು. ಹುಡುಗಿ ಕಸ ಗುಡಿಸುತ್ತಿದ್ದವಳು ನನ್ನನ್ನು ಕಂಡು ಬಾರಿಗೆ ಹಿಡಿದೇ ನಿಂತಳು. ನಾನು ಕೂಡಲಿಲ್ಲ, ಕೂತರೆ ಹೇಳಲಾಗುವುದಿಲ್ಲ ಎಂದು ಗೊತ್ತಿತ್ತು.

"ನಿನ್ನೆ ಆಕಿ ನಾಕರ ಬಸ್ಸಿಗೇ ಎದ್ದಿದ್ಲುರಿ. ಕೂಡು ಅಂದಾಕಿ ನಾನು. ಐದರ ಬಸ್ ಅದ ಅಂತ ಹೇಳಿದಾಕೀನೂ ನಾನಽ. ಅಮಾಸಿ ನನಗ ನೆನಪಿದ್ದಿಲ್ಲ."

"ನಿನ್ನೆ ಯಾಕ ಹೇಳ್ಲಿಲ್ರಿ?"

"ಅಂಜಿದ್ದೆರಿ."

ಅವರು ಅರಿವೆಯನ್ನು ಹ್ಯಾಂಡಲಿನ ಮೇಲೆ ಹಾಕಿ ಮಗಳ ಕಡೆ ತಿರುಗಿದರು. "ಮತ್ತ ನೀ ಸುಳ್ಳು ಯಾಕ ಹೇಳ್ದಿ?"

ನಿಜ ಹೇಳಿ ಅವಳನ್ನು ಇನ್ನೊಂದು ತಪ್ಪಿಗೆ ಸಿಕ್ಕಿಸುತ್ತೇನೆಂದು ನಾನು ಯೋಚಿಸಿರಲಿಲ್ಲ.

"ಮೇಡಮ್ಮೋರಿಗೆ ನೀ ಏನರೆ ಅಂದ್ರ ನನಗ ಸೇರಂಗಿಲ್ಲ," ಎಂದಳು ಅವಳು, ನೆಲ ನೋಡುತ್ತ.

ತಂದೆ ಸೈಕಲಿನ ಚಕ್ರವನ್ನು ಒಮ್ಮೆ ತಿರುಗಿಸಿ ನೋಡಿದರು. ಆಮೇಲೆ ನನಗೆ ಹೇಳಿದರು: "ಸೋಮವಾರ ಬರ್ತಾಳ್ರಿ. ಪಾಠಕ್ಕ. ಸಿನಿಮಾದ ಮಾತು ಸದ್ಯ ಬ್ಯಾಡ."

"ಆಗ್ಲಿರಿ," ಎಂದೆ.

ನನ್ನ ಫೋನ್ ನಂಬರನ್ನು ಅಲ್ಲಿಯವರೆಗೆ ಯಾವ ವಿದ್ಯಾರ್ಥಿಯ ಮನೆಗೂ ಕೊಟ್ಟಿರಲಿಲ್ಲ. ಹುಡುಗಿಯಿಂದ ನೋಟ್‌ಬುಕ್ ಇಸಿದುಕೊಂಡು, ಹಿಂದಿನ ರಟ್ಟಿನ ಮೇಲೆ ಅದನ್ನು ದೊಡ್ಡ ಅಂಕಿಗಳಲ್ಲಿ ಬರೆದು, ಹತ್ತು ನಿಮಿಷ ತಡವಾದರೂ ನನಗೆ ಫೋನ್ ಮಾಡಿರೆಂದು ತಂದೆಯ ಕೈಗೆ ಕೊಟ್ಟೆ.