ಬೀಗರ ಚಮಚೆ, ನನ್ನ ವಿಮಾನ

ಕೈ ಚಾವಿಯ ಮೇಲಿತ್ತು. ಚಾವಿ ತಿರುಗಲಿಲ್ಲ.

ಮಹಾಗಾಂವ ಕ್ರಾಸಿನಲ್ಲಿ ಟೆಂಪೊ ನಿಲ್ಲಿಸಿದ್ದೆ. ಕಲಬುರಗಿಯಿಂದ ಕಮಲಾಪುರಕ್ಕೆ ಹೊರಟ ಗಾಡಿ. ಈ ಎರಡು ಊರುಗಳ ನಡುವೆ ಟೆಂಪೊ ಓಡಿಸುತ್ತಲೇ ನನ್ನ ಕೂದಲು ಬೆಳ್ಳಗಾಗಿದೆ. ಇಳಿಯುವವರು ಇಳಿದರು, ಹತ್ತುವವರು ಹತ್ತಿದರು. ಚಾವಿ ಕೆಟ್ಟಿದೆ ಅಂದುಕೊಂಡು ಒಂದು ಬೈಗುಳ ಬೈದೆ. ಬೈಗುಳವೂ ಸರಿಯಾಗಿ ಬರಲಿಲ್ಲ. ಬಾಯಲ್ಲಿ ಬಿಸಿ ಅನ್ನ ಇಟ್ಟುಕೊಂಡವನ ಹಾಗೆ ಏನೋ ಗೊಳಗೊಳ ಅಂದಿತು. ಪಕ್ಕದ ಸೀಟಿನ ಹೆಣ್ಣುಮಗಳು ನನ್ನ ಮುಖ ನೋಡಿ, "ಯಣ್ಣಾ, ನಿನ್ನ ಬಾಯಿ ಒಂದ್ ಕಡಿ ಹೊಂಟದ" ಅಂದಳು.

ಚಾವಿ ಸರಿಯಿತ್ತು. ಕೈ ಸತ್ತಿತ್ತು.

ನನ್ನದೇ ಟೆಂಪೊದಲ್ಲಿ ನನ್ನನ್ನು ಮಲಗಿಸಿಕೊಂಡು ಕಲಬುರಗಿಯ ದವಾಖಾನೆಗೆ ತಂದರು. ಓಡಿಸಿದವನು ಯಾರೋ ಗೊತ್ತಿಲ್ಲ. ಗೇರ್ ಹಾಕಿದಾಗಲೆಲ್ಲ ಕರಕರ ಅನ್ನಿಸುತ್ತಿದ್ದ. ಸಾಯುವುದಾದರೆ ಸಾಯೋಣ, ನನ್ನ ಗೇರ್‌ಬಾಕ್ಸ್ ಹಾಳಾಗುವುದನ್ನು ಕೇಳುತ್ತಾ ಸಾಯಬೇಕೆ ಅಂತ ಹಿಂದೆ ಬಿದ್ದುಕೊಂಡು ಯೋಚಿಸಿದ್ದು ನೆನಪಿದೆ.

ಸ್ಕ್ಯಾನ್ ಮಾಡಿದರು. ಸ್ಟ್ರೋಕ್ ಅಂದರು. ಬಿ.ಪಿ. ಬಹಳ ದಿನದಿಂದ ಏರಿತ್ತಂತೆ, ನನಗೆ ಮಾತ್ರ ಹೇಳಿರಲಿಲ್ಲ. ಮಾತು ಬರುತ್ತದೆ, ಕಾಲು ಬರುತ್ತದೆ ಅಂದ ಡಾಕ್ಟರು ನನ್ನ ಬಲಗೈಯನ್ನು ಎತ್ತಿ ಬಿಟ್ಟರು. ಅದು ಒದ್ದೆ ಬಟ್ಟೆಯ ಹಾಗೆ ಹಾಸಿಗೆಯ ಮೇಲೆ ಬಿತ್ತು.

"ಇದರದ್ದು ಈಗಲೇ ಹೇಳೋಕಾಗಲ್ಲ."

ಡಿಸ್ಚಾರ್ಜ್ ಆದ ಮೇಲೆ ಫಿಸಿಯೋಥೆರಪಿಗೆ ದಿನಾ ಬರಬೇಕಿತ್ತು. ಕಮಲಾಪುರದಿಂದ ಅದು ಆಗದ ಮಾತು. ನನ್ನ ಹೆಂಡತಿ ಈರಮ್ಮ ಊರಲ್ಲಿ ಹೊಲ, ಎಮ್ಮೆ ನೋಡಿಕೊಳ್ಳಲು ಉಳಿದಳು. ನಾನು ಬ್ರಹ್ಮಪುರದಲ್ಲಿರುವ ಮಗಳು ಮಹಾದೇವಿಯ ಮನೆ ಸೇರಿದೆ. ಮಗಳ ಮನೆ ಅಂದರೆ ಅವಳ ಮಾವನ ಮನೆ. ಮಾವ ಗುರುಲಿಂಗಪ್ಪನವರು ನನಗೆ ಬೀಗರು, ಬಟ್ಟೆ ಅಂಗಡಿಯವರು. ಇಸ್ತ್ರಿ ಮಾಡಿದ ಧೋತರ ಬಿಟ್ಟು ಬೇರೆ ಉಟ್ಟಿದ್ದು ನಾನು ಕಂಡಿಲ್ಲ. ಹೆಣ್ಣು ಕೊಟ್ಟ ಮನೆಯಲ್ಲಿ ತಂದೆಯಾದವನು ಒಂದು ಹೊತ್ತು ಉಂಡರೂ ಮುದುಡಿಕೊಂಡು ಉಣ್ಣುವುದು ನಮ್ಮ ಕಡೆಯ ರೀತಿ. ನಾನು ಅಲ್ಲಿ ನಡುಮನೆಯಲ್ಲಿ ಮಂಚ ಹಾಕಿಸಿಕೊಂಡು ಮಲಗಿದೆ.

ಬೀಗರು ನನ್ನನ್ನು ಚೆನ್ನಾಗಿ ನೋಡಿಕೊಂಡರು. ಅದೇ ನನಗೆ ಸೈರಿಸಲಾಗಲಿಲ್ಲ.

ಊಟದ ಹೊತ್ತಿಗೆ ಅವರೇ ಬಂದು ನನ್ನ ಕೊರಳಿಗೆ ಟವೆಲ್ ಕಟ್ಟುತ್ತಿದ್ದರು. ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ, ಕಿವುಚಿ, ಚಮಚೆಯಲ್ಲಿ ಎತ್ತಿ ಹಿಡಿಯುತ್ತಿದ್ದರು. ನನ್ನನ್ನು ನೋಡಲು ಬಂದ ನೆಂಟರೆಲ್ಲ ಸುತ್ತ ಕೂತಿರುವಾಗಲೇ ಈ ಕೆಲಸ.

"ಬೀಗರ, ಬಾಯಿ ತೆಗೀರಿ. ಹಾಂ, ಇನ್ನ ಜರಾ. ಶಾಣ್ಯಾ." ಜಾಣ ಮಗುವಿಗೆ ಅನ್ನುವ ಹಾಗೆ ಅನ್ನುವರು.

"ಪಾಪ, ಸಣ್ಣ ಕೂಸಿನಂಗ ಆಗ್ಯಾರ" ಅನ್ನುವರು ನೆಂಟರು.

"ಕೂಸೇ ವಾಸಿ ಬಿಡ್ರಿ, ಉಗುಳಂಗಿಲ್ಲ" ಅನ್ನುವರು ಬೀಗರು. ಎಲ್ಲರೂ ನಗುವರು.

ನನಗಾಗ ಮಾತು ಇರಲಿಲ್ಲ. ಉತ್ತರವೆಲ್ಲ ಬಾಯೊಳಗೆ ಹಾಲುರೊಟ್ಟಿಯ ಜೊತೆ ಕೂಡಿಕೊಂಡು ಹೊಟ್ಟೆಗೆ ಇಳಿಯಿತು. ಅಲ್ಲೇ ಹುಳಿ ಬಂತು.

ಒಂದು ದಿನ ಅವರು ಬಾಯಿ ಒರೆಸುತ್ತಾ ಹೇಳಿದರು, "ಎಳ್ಳ ಅಮಾಸಿ ಚಿಂತಿ ಬಿಡ್ರಿ. ಈ ಸರ್ತಿ ನಿಮ್ಮ ಹೊಲದಾಗ ಚರಗ ನಾನೇ ಚೆಲ್ತೀನಿ. ರೇಷ್ಮಿ ಧೋತರಾ ತಗದಿಡಂತ ಹೇಳೀನಿ."

ಎಳ್ಳಮಾವಾಸ್ಯೆಯ ದಿನ ಮನೆಮಂದಿಯೆಲ್ಲ ಅಡುಗೆ ಹೊತ್ತುಕೊಂಡು ಹೊಲಕ್ಕೆ ಹೋಗುತ್ತೇವೆ. ನಿಂತ ಬೆಳೆಗೆ ಉಣ್ಣಿಸಿ ಆಮೇಲೆ ನಾವು ಉಣ್ಣುವುದು. ಹೊಲದ ಯಜಮಾನ ಬಲಗೈಯಲ್ಲಿ ಅಡುಗೆ ಹಿಡಿದು, ಗಟ್ಟಿಯಾಗಿ ಕೂಗು ಹಾಕುತ್ತಾ ಬೆಳೆಯ ಮೇಲೆ ಸುತ್ತಲೂ ಚೆಲ್ಲುತ್ತಾ ಹೋಗುತ್ತಾನೆ. ಅದೇ ಚರಗ. ನಮ್ಮಪ್ಪ ಇರುವ ತನಕ ಅವನೇ ಚೆಲ್ಲಿದ. ಅವನು ತೀರಿಕೊಂಡ ವರ್ಷದಿಂದ ನಾನು ಚೆಲ್ಲುತ್ತಾ ಬಂದೆ. ನಾನು ಬದುಕಿರುವಾಗ ನನ್ನ ಹೊಲದಲ್ಲಿ ಬೀಗರು ಚೆಲ್ಲಿದರೆ ನಾನು ಏನಾದ ಹಾಗೆ?

ಅವತ್ತು ಮನಸ್ಸಿನಲ್ಲೇ ಅಂದುಕೊಂಡೆ. ಗುರುಲಿಂಗಪ್ಪಾ, ಆ ಚರಗ ನಾನೇ ಚೆಲ್ಲುತ್ತೇನೆ. ಆಮೇಲೆ ನಿನ್ನ ಕೊರಳಿಗೆ ಇದೇ ಟವೆಲ್ ಕಟ್ಟುತ್ತೇನೆ.

ಅನ್ನುವುದೇನೋ ಸುಲಭ. ಫಿಸಿಯೋಥೆರಪಿಯವರು ಹಿಚುಕಲು ಕೊಟ್ಟ ರಬ್ಬರ್ ಚೆಂಡನ್ನು ಸಿಟ್ಟಿನಿಂದ ಒಗೆಯಲು ಹೋದೆ. ಒಗೆಯಲಿಕ್ಕೂ ಬರಲಿಲ್ಲ. ಅದು ಕೈಯಿಂದ ಜಾರಿ ಉರುಳಿಕೊಂಡು ಮೊಮ್ಮಗಳು ಸುಮಾಳ ಕಾಲಿನ ಹತ್ತಿರ ನಿಂತಿತು.

ಸುಮಾ ಮಹಾದೇವಿಯ ಮಗಳು. ಶರಣಬಸವೇಶ್ವರ ಗುಡಿಯ ಕಡೆಯ ಕಾಲೇಜಿಗೆ ಹೋಗಿ ಕಂಪ್ಯೂಟರ್ ಓದುತ್ತಿದ್ದಳು. ಮನೆಯಲ್ಲೂ ಒಂದು ಕಂಪ್ಯೂಟರ್ ಇತ್ತು. ಅದರಲ್ಲಿ ವಿಮಾನ ಹಾರಿಸುವುದು ಅವಳ ಹುಚ್ಚು. ಸುಮ್ಮನೆ ಆಟವಲ್ಲ, ಖರೇ ವಿಮಾನದ ಹಾಗೆ ಮುಳ್ಳು, ಗಡಿಯಾರ, ಸ್ವಿಚ್ಚು ಎಲ್ಲಾ ಇರುವುದು. ಕೈಯಲ್ಲಿ ಹಿಡಿಯಲು ಜಾಯ್‌ಸ್ಟಿಕ್ ಅನ್ನುವ ಒಂದು ಕೋಲು. ಅವಳು ಚೆಂಡನ್ನು ಎತ್ತಿ ಕಪಾಟಿನಲ್ಲಿಟ್ಟು, ನನ್ನನ್ನು ಆ ಕುರ್ಚಿಗೆ ನಡೆಸಿಕೊಂಡು ಹೋದಳು. ಸತ್ತ ಬೆರಳುಗಳನ್ನು ಒಂದೊಂದಾಗಿ ಕೋಲಿಗೆ ಸುತ್ತಿ, ಮೇಲೆ ತನ್ನ ಹೇರ್‌ಬ್ಯಾಂಡ್ ಬಿಗಿದಳು.

"ಮುತ್ಯಾ, ಟೆಂಪೊ ಅಲ್ಲಿದು. ಮೆಲ್ಲಕ."

ನನ್ನ ಕೈ ಅಲುಗಿತೋ ಇಲ್ಲವೋ ನನಗೇ ತಿಳಿಯಲಿಲ್ಲ. ಪರದೆಯ ಮೇಲೆ ವಿಮಾನ ಬಲಕ್ಕೆ ಬಾಗಿತು.

ಅದನ್ನು ನೋಡಿ ಅತ್ತುಬಿಟ್ಟೆ. ಎಷ್ಟೋ ದಿನದ ಮೇಲೆ ಆ ಕೈ ಒಂದು ಮಾತು ಕೇಳಿತ್ತು.

ಕಣ್ಣೊರೆಸಿಕೊಂಡ ಮೇಲೆ ಕೆಳಗೆ ನೋಡಿದೆ. ಬರೀ ಹಸಿರು. ಊರಿಲ್ಲ, ರಸ್ತೆಯಿಲ್ಲ, ಗುಡಿಯಿಲ್ಲ. ಆಗ ನನ್ನ ಮಾತು ಅರ್ಧಂಬರ್ಧ ಬರುತ್ತಿತ್ತು.

"ಕಲಬುರಗಿ ಎಲ್ಲದ?"

"ಇದೇ ಕಲಬುರಗಿ, ಮುತ್ಯಾ. ಕಂಪನಿಯವ್ರು ನಮ್ಮ ಕಡೀದು ಏನೂ ಹಾಕಿಲ್ಲ. ಮ್ಯಾಲಿಂದ ಬ್ಯಾರೆ ಸಾಫ್ಟ್‌ವೇರ್ ತಂದು ನಾವೇ ಕೂಡಸ್ಬೇಕು."

ನನಗೆ ತಟ್ಟನೆ ತಿಳಿಯಿತು. ಟೆಂಪೊ ಕೂಡ ಹಾಗೆಯೇ. ಕಂಪನಿಯಿಂದ ಬರುವುದು ಬರೀ ಚಾಸಿ ಮತ್ತು ಎಂಜಿನ್. ಬಾಡಿ ಕಟ್ಟಿಸುವುದು, ಮೇಲೆ ಕ್ಯಾರಿಯರ್ ಹಾಕಿಸುವುದು, ಹಾರ್ನ್ ಬದಲಿಸುವುದು, ಹಿಂದೆ ಮಕ್ಕಳ ಹೆಸರು ಬರೆಸುವುದು, ಅದೆಲ್ಲ ನಮ್ಮ ಕೆಲಸ. ಬಾಡಿ ಕಟ್ಟಿಸದೆ ಚಾಸಿ ಓಡಿಸುವವರುಂಟೆ?

"ಹಂಗಾದ್ರ ಬಾಡಿ ಕಟ್ಟು" ಅಂದೆ.

ಅವಳು ಕಟ್ಟಿದಳು. ಸೈಬರ್ ಸೆಂಟರಿಗೆ ಹೋಗಿ ಸಿ.ಡಿ.ಯಲ್ಲಿ ತುಂಬಿಸಿಕೊಂಡು ಬರುವಳು. ಯಾವುದೋ ದೇಶದ ಯಾರೋ ಪುಣ್ಯಾತ್ಮರು ತಾವೇ ಮಾಡಿ, ಬೇಕಾದವರು ಒಯ್ಯಲಿ ಅಂತ ಇಟ್ಟಿರುತ್ತಾರಂತೆ. ಒಂದು ಹಾಕಿದಾಗ ನೆಲ ನಮ್ಮ ಎರೆಮಣ್ಣಿನ ಬಣ್ಣಕ್ಕೆ ತಿರುಗಿತು. ಇನ್ನೊಂದು ಹಾಕಿದಾಗ ಹುಮನಾಬಾದ್ ರಸ್ತೆ ಎಳೆದಂತೆ ಬಂತು. ಮೊದಲು ಹಿಟ್ಟಿನ ಗಿರಣಿಯ ಹಾಗಿದ್ದ ಎಂಜಿನ್ ಸದ್ದು ಮತ್ತೊಂದರಿಂದ ಗಂಡುಸದ್ದಾಯಿತು. ಕಮಲಾಪುರದಲ್ಲಿ ನನ್ನ ಹೊಲವನ್ನು ಅವಳೇ ಬಿಡಿಸಿ ಅದರಲ್ಲಿ ಒಂದು ರನ್‌ವೇ ಹಾಕಿದಳು.

"ಹೊಲದಾಗ ತೊಗರಿ ನಿಂತದಲ್ಲ, ಅದರ ಮ್ಯಾಲ ಹಾಕೀಯಲ್ಲವ್ವಾ" ಅಂದೆ.

"ಇದು ಬರೀ ಚಿತ್ರ, ಮುತ್ಯಾ."

"ಚಿತ್ರ ಆದ್ರೇನು, ಕಾಯಿ ಹಿಡದದ. ಬಾಜೂಕ ಬೀಳಭೂಮಿ ಅದ, ಅಲ್ಲಿ ಹಾಕು."

ತೆಗೆದು ಅಲ್ಲಿ ಹಾಕಿದಳು.

ಕಲಬುರಗಿಯಿಂದ ಎದ್ದು, ರಸ್ತೆ ಹಿಡಿದು, ಕಮಲಾಪುರದ ಹೊಲದಲ್ಲಿ ಇಳಿಯುವುದು. ಇಷ್ಟೇ ಕೆಲಸ. ನಾನು ಮುಗಿಲಲ್ಲೂ ರಸ್ತೆಯ ಎಡಗಡೆಯಲ್ಲೇ ಹೋಗುತ್ತಿದ್ದೆ.

"ಮುತ್ಯಾ, ನಡುವ ಹೋಗು."

"ಎದುರಿಂದ ಲಾರಿ ಬಂದ್ರ?"

"ಮ್ಯಾಲ ಲಾರಿ ಬರಂಗಿಲ್ಲ."

"ಹುಮನಾಬಾದ್ ರೋಡಿನ ಲಾರಿ ನಿನಗ ಗೊತ್ತಿಲ್ಲ."

ಇದು ನಗೆಯ ಮಾತಾಯಿತು. ನಗಲಾಗದ್ದು ಮಹಾಗಾಂವ ಕ್ರಾಸ್. ಅದು ಬಂದ ಕೂಡಲೇ ನನ್ನ ಎಡಗೈ ತಾನಾಗಿ ಎಂಜಿನ್ನಿನ ವೇಗ ಏರಿಸಿ ಇಳಿಸುವ ಸನ್ನೆಕೋಲನ್ನು ಹಿಂದಕ್ಕೆ ಎಳೆಯುತ್ತಿತ್ತು. ಅಲ್ಲಿ ಜನ ಕಾದಿರುತ್ತಾರೆ, ಗಾಡಿ ನಿಧಾನ ಮಾಡಬೇಕು. ಕೈಗೆ ಗೊತ್ತಿದ್ದದ್ದು ಅದು. ಮುಗಿಲಲ್ಲಿ ನಿಧಾನ ಮಾಡಿದರೆ ವಿಮಾನ ನಿಲ್ಲುವುದಿಲ್ಲ, ಬೀಳುತ್ತದೆ. ಬಿತ್ತು. ಪ್ರತಿ ಸಲವೂ ಬಿತ್ತು.

ಒಮ್ಮೆ ಬೀಗರು ಬಾಗಿಲಲ್ಲಿ ನಿಂತು ನೋಡಿದರು.

"ಬೀಗರ, ನೆಲದ ಮ್ಯಾಲ ಅಲ್ಲೇ ಬಿದ್ರಿ, ಮುಗಲಾಗೂ ಅಲ್ಲೇ ಬೀಳ್ತೀರಿ. ಆ ಕ್ರಾಸಿನಾಗ ನಿಮ್ಮದೇನರ ಉಳದದೇನ್ರಿ?"

ಉಳಿದಿತ್ತು. ನನ್ನ ಕೈ ಅಲ್ಲೇ ಉಳಿದಿತ್ತು.

ದೀಪಾವಳಿ ಕಳೆಯಿತು. ಆಗ ನನಗೆ ಬೇರೊಂದು ಭಯ ಹತ್ತಿತು. ಕೋಲು ದಿನದಿಂದ ದಿನಕ್ಕೆ ಮೊಂಡು ಬೀಳುತ್ತಿತ್ತು. ಮೊದಲು ಬೆರಳು ಮಿಡಿದರೆ ಬಾಗುತ್ತಿದ್ದ ವಿಮಾನ, ಈಗ ಇಡೀ ಮುಂಗೈ ತಿರುವಿದರೂ ಒಲ್ಲದ ಎಮ್ಮೆಯ ಹಾಗೆ ತಿರುಗುತ್ತಿತ್ತು. ಬೆವರಿಳಿಯುತ್ತಿತ್ತು. ಮತ್ತೊಂದು ಸ್ಟ್ರೋಕ್ ಒಳಗೊಳಗೇ ಬರುತ್ತಿದೆ, ಬಂದ ಕೈ ಹೊರಟಿದೆ ಅಂದುಕೊಂಡೆ. ಯಾರಿಗೂ ಹೇಳದೆ ಊಟ ಬಿಟ್ಟೆ. ಮಹಾದೇವಿ ಗಾಬರಿಯಾಗಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಸುಮಾಳೂ ಬಂದಳು.

"ಕೈ ಹೊಂಟದ್ರೀ ಸಾಹೇಬ್ರ" ಅಂದೆ.

ಡಾಕ್ಟರು ತಮ್ಮ ಎರಡು ಬೆರಳು ಕೊಟ್ಟು ಹಿಡಿಯಲು ಹೇಳಿದರು. ಹಿಡಿದೆ.

"ಸಾಕು, ಬಿಡಿ. ನೋಯ್ತಿದೆ" ಅಂದರು. ಆಮೇಲೆ ಬೆರಳು ಕೊಡವಿಕೊಳ್ಳುತ್ತಾ, "ಯಾರು ಹೇಳಿದ್ದು ಕೈ ಹೊರಟಿದೆ ಅಂತ?" ಅಂದರು.

ಸುಮಾ ತಲೆ ತಗ್ಗಿಸಿದಳು.

"ನಾ ಮಾಡೀನ್ರಿ ಸರ್. ಕೋಲಿಗಂತ ಒಂದು ಸಣ್ಣ ಸಾಫ್ಟ್‌ವೇರ್ ಅದ. ಮೊದಲನೇ ದಿನ ಮುತ್ಯಾನ ಬೆರಳು ಒಂಚೂರು ಅಲುಗಿದ್ರೂ ವಿಮಾನ ಬಾಗೋಹಂಗ ಹಗುರ ಇಟ್ಟಿದ್ದೆ. ಆಮ್ಯಾಲ ಜರಾ ಜರಾ ಕಮ್ಮಿ ಮಾಡ್ಕೋತ ಬಂದೀನಿ. ಈಗ ಪೂರಾ ಕೈ ತಿರುವಿದ್ರೇ ತಿರಗ್ತದ."

ಡಾಕ್ಟರು ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಹಾಲುರೊಟ್ಟಿ ತಿನ್ನಿಸುವವನೊಬ್ಬ, ಮೋಸದ ಕೋಲು ಕೊಡುವವಳೊಬ್ಬಳು. ಮನೆಗೆ ಬಂದವನೇ, "ಮೊದಲನೇ ದಿನದ್ದು ಹಚ್ಚು, ನೋಡ್ತೀನಿ" ಅಂದೆ.

ಹಚ್ಚಿದಳು. ಕೋಲು ಮುಟ್ಟಿದೆ. ವಿಮಾನ ಗಿರಗಿರನೆ ತಿರುಗಿ, ತಲೆಕೆಳಗಾಗಿ, ನೆಲಕ್ಕೆ ಬಡಿಯಿತು.

ನನ್ನ ಕೈಯ ಜೋರಿಗೆ.

ಆ ಸಂತೋಷವನ್ನು ಹೇಗೆ ಹೇಳಲಿ? ಮತ್ತೊಮ್ಮೆ ಬೀಳಿಸಿದೆ. ಮಗದೊಮ್ಮೆ ಬೀಳಿಸಿದೆ. ಸುಮಾ ಚಪ್ಪಾಳೆ ತಟ್ಟುತ್ತಾ ಅಳುತ್ತಿದ್ದಳು. ಆಮೇಲೆ ಅವಳ ಕಿವಿಯಲ್ಲಿ ಹೇಳಿದೆ, "ಅಮಾಸಿತನಕ ಈ ಸುದ್ದಿ ನಿಮ್ಮ ಆ ಮುತ್ಯಾಗ ಹೇಳಬ್ಯಾಡ. ನಿಮ್ಮವ್ವಗೂ ಬಾಯಿ ಬಿಡಬ್ಯಾಡ ಅನ್ನು."

ಅಂದಿನಿಂದ ನಡೆದದ್ದು ನನ್ನ ಜೀವಮಾನದ ಸುಖ. ಕೋಣೆಯ ಬಾಗಿಲು ಹಾಕಿಕೊಂಡು ಸುಮಾ ಕೊಟ್ಟ, ಒಣಗಿ ಗಟ್ಟಿಯಾದ ಕಟಿ ರೊಟ್ಟಿಯನ್ನು ಒಂದೇ ಕೈಯಲ್ಲಿ ಮುರಿದು ನಾನೇ ತಿನ್ನುತ್ತಿದ್ದೆ. ಹೊರಗೆ ಬಂದು ಟವೆಲ್ ಕಟ್ಟಿಸಿಕೊಂಡು ಬಾಯಿ ತೆರೆದು ಕೂರುತ್ತಿದ್ದೆ. "ಶಾಣ್ಯಾ" ಅನ್ನುತ್ತಿದ್ದರು ಬೀಗರು. ಅನ್ನು, ಇನ್ನೂ ಅನ್ನು ಅಂದುಕೊಳ್ಳುತ್ತಿದ್ದೆ. ಅವರು ರೇಷ್ಮೆ ಧೋತರ ತೋರಿಸಿ, ಇದರ ಮೇಲೆ ಯಾವ ಶಲ್ಯ ಹೊಂದುತ್ತದೆ ಅಂತ ನನ್ನನ್ನೇ ಕೇಳಿದರು. ಕೆಂಪಂಚಿನದು ಅಂದೆ.

ಒಂದೇ ಬಾಕಿ ಉಳಿದಿತ್ತು, ಆ ಕ್ರಾಸ್. ಅಮಾವಾಸ್ಯೆಗೆ ಮುಂಚೆ ಒಂದು ಮಧ್ಯಾಹ್ನ ಹಾರಿಸಿದೆ. ಕ್ರಾಸ್ ಬಂತು. ಎಡಗೈ ಸನ್ನೆಕೋಲಿನ ಮೇಲೆ ಹೋಯಿತು. ಕೆಳಗೆ ಜನ ನಿಂತಿದ್ದಾರೆ ಅನ್ನಿಸಿತು. ಕೈ ಚಾವಿಯ ಮೇಲೆ ಇಟ್ಟುಕೊಂಡು ಕೂತ ಒಬ್ಬ ಮುದುಕನೂ ಅಲ್ಲಿದ್ದಾನೆ ಅನ್ನಿಸಿತು.

ಇವತ್ತು ನಿಲ್ಲಂಗಿಲ್ಲಪ್ಪಾ. ಹಿಂದಿನ ಗಾಡಿಗೆ ಬಾ.

ಎಳೆಯಲಿಲ್ಲ. ಕ್ರಾಸ್ ಹಿಂದೆ ಬಿತ್ತು. ಕಮಲಾಪುರದ ಬೀಳಿನಲ್ಲಿ ಎರಡು ಸಲ ಕುಪ್ಪಳಿಸಿ ವಿಮಾನ ನಿಂತಿತು. ಒಂದು ತೊಗರಿ ಗಿಡವೂ ಮುರಿಯಲಿಲ್ಲ.

ಎಳ್ಳಮಾವಾಸ್ಯೆಯ ದಿನ ಎಲ್ಲರೂ ಹೊಲದಲ್ಲಿದ್ದೆವು. ಈರಮ್ಮ ಸಜ್ಜೆ ರೊಟ್ಟಿ, ಕಡುಬು, ಕಾಳು ಸೊಪ್ಪು ಕೂಡಿಸಿ ಮಾಡುವ ನಮ್ಮ ಕಡೆಯ ಭಜ್ಜಿ ಎಲ್ಲ ಬುಟ್ಟಿಯಲ್ಲಿ ತಂದಿದ್ದಳು. ಪೂಜೆಯಾಯಿತು. ಕೆಂಪಂಚಿನ ಶಲ್ಯ ಸರಿಮಾಡಿಕೊಂಡು ಬೀಗರು ಬುಟ್ಟಿಯ ಕಡೆ ಬಗ್ಗಿದರು.

"ಬೀಗರ, ಜರಾ ಸರೀರಿ" ಅಂದೆ. ಮಾತು ಸ್ಪಷ್ಟವಾಗಿ ಬಂತು.

ಬಲಗೈ ಬುಟ್ಟಿಗೆ ಹಾಕಿದೆ. ಮುಷ್ಟಿ ತುಂಬ ಎತ್ತಿದೆ. ಕೂಗುತ್ತಾ ತೊಗರಿಯ ಮೇಲೆ ಬೀಸಿದೆ. ಒಂದಿಷ್ಟು ನನ್ನ ತೋಳಿನ ಮೇಲೇ ಬಿತ್ತು. ಉಳಿದದ್ದು ಬೆಳೆಗೆ ಮುಟ್ಟಿತು. ತಿರುಗಿ ನೋಡಿದರೆ ಈರಮ್ಮ ಸೆರಗು ಬಾಯಿಗೆ ಹಿಡಿದಿದ್ದಳು. ಇಡೀ ಹೊಲ ಸುತ್ತಿದೆ. ಕಾಲು ಸೋತಿತು, ಕೈ ಸೋಲಲಿಲ್ಲ.

ಊಟಕ್ಕೆ ಕೂತಾಗ ಸುಮಾ ಟವೆಲ್ ತಂದುಕೊಟ್ಟಳು. ಅದೇ ಟವೆಲ್. ನೆಂಟರೆಲ್ಲ ನೋಡುತ್ತಿರುವಂತೆ ಬೀಗರ ಕೊರಳಿಗೆ ಕಟ್ಟಿದೆ. ಗಂಟು ಹಾಕಲು ತಡವಾಯಿತು. ಅವರು ಅಲ್ಲಾಡದೆ ಕೂತರು. ಸಜ್ಜೆ ರೊಟ್ಟಿ ಮುರಿದು, ಭಜ್ಜಿ ಹಚ್ಚಿ, ಎತ್ತಿ ಹಿಡಿದೆ.

"ಬೀಗರ, ಬಾಯಿ ತೆಗೀರಿ."

ಅವರು ನನ್ನ ಮುಖ ನೋಡಿದರು. ಕೈ ನೋಡಿದರು. ಮತ್ತೆ ಮುಖ ನೋಡಿದರು.

"ಎಂದಿನಿಂದ ಬಂದದ ಇದು?"

"ಬಾಯಿ ತೆಗೀರಿ ಮೊದಲ."

ತೆರೆದರು. ತುತ್ತು ಇಟ್ಟೆ.

"ಶಾಣ್ಯಾ" ಅಂದೆ.

ಹೊಲವೆಲ್ಲ ನಕ್ಕಿತು. ಬೀಗರು ನಿಧಾನವಾಗಿ ಅಗಿದು ನುಂಗಿ, "ಖಾರ ಕಮ್ಮಿ ಅದ. ಇನ್ನೊಂದು ಇಡ್ರಿ" ಅಂದರು. ಅವರ ಕಣ್ಣಲ್ಲಿ ನೀರಿತ್ತು. ಅದು ಖಾರಕ್ಕೆ ಬಂದದ್ದಲ್ಲ ಅಂತ ಗೊತ್ತಿದ್ದರೂ ನಾನು ಒಪ್ಪಿಕೊಳ್ಳುವವನಲ್ಲ.

ಈಗ ಗುಳಿಗೆ ದಿನಾ ನುಂಗುತ್ತೇನೆ. ಕಿರುಬೆರಳು ಇನ್ನೂ ಮಡಚುವುದಿಲ್ಲ. ಟೆಂಪೊ ಮುಟ್ಟಬಾರದು ಅಂದಿದ್ದಾರೆ ಡಾಕ್ಟರು, ಮುಟ್ಟಿಲ್ಲ. ಇಷ್ಟು ಬಂದದ್ದೇ ಶರಣಬಸಪ್ಪನ ದಯೆ, ಆ ಹುಡುಗಿಯ ಬುದ್ಧಿ, ಹೇಳಲೇಬೇಕೆಂದರೆ ಆ ಚಮಚೆಯ ಉಪಕಾರವೂ ಹೌದು. ತಪಾಸಣೆಗೆ ಕಲಬುರಗಿಗೆ ಹೋದಾಗ ಬ್ರಹ್ಮಪುರದಲ್ಲೇ ಇಳಿಯುತ್ತೇನೆ. ಮೊನ್ನೆ ಬೀಗರು ಮೆಲ್ಲಗೆ ಕಂಪ್ಯೂಟರ್ ಹತ್ತಿರ ಬಂದು, "ನಾನೂ ಒಂದು ಸಲ ಕೂಡ್ಲೇನ್ರಿ?" ಅಂದರು.

"ಅದಕ್ಕೇನ್ರಿ ಬೀಗರ, ಬರ್ರಿ" ಅಂತ ಕುರ್ಚಿ ಬಿಟ್ಟುಕೊಟ್ಟೆ. ಸುಮಾಳ ಕಡೆ ತಿರುಗಿ ಕಣ್ಣು ಮಿಟುಕಿಸಿದೆ. ಅವಳು ಮೊದಲನೇ ದಿನದ ಹಗುರ ಹಚ್ಚಿದಳು.

ಬೀಗರು ಧೋತರ ಸರಿಮಾಡಿಕೊಂಡು ಕೂತು ಕೋಲು ಮುಟ್ಟಿದರು.