ಕೇಸರಿ ಶಾಲು, ಪಕ್ಕದ ಮನೆಯ ಪರದೆ

ನೇರವಾಗಿಯೇ ಹೇಳಿಬಿಡುತ್ತೇನೆ. ಐರ್ಲೆಂಡಿನ ಲೂಕನ್‌ಗೆ ಬಂದ ಹೊಸದರಲ್ಲಿ ಈ ದೇಶದ ಕ್ಯಾಥೊಲಿಕ್, ಪ್ರಾಟೆಸ್ಟೆಂಟ್ ಜಗಳ ನನಗೆ ಒಂದಿಷ್ಟೂ ಅರ್ಥವಾಗಿರಲಿಲ್ಲ. ಇಬ್ಬರಿಗೂ ಅದೇ ಏಸು, ಅದೇ ಮಳೆ, ಅದೇ ಆಲೂಗಡ್ಡೆ. ಇನ್ನೇನು ತಕರಾರು? ಅರ್ಥ ಮಾಡಿಸಿದ್ದು ಪಕ್ಕದ ಮನೆಯ ತಾತ. ಅದೂ ಬೇಲಿಯ ಆಚೆ ನಿಂತು, ಪ್ರತಿ ಜುಲೈನಲ್ಲಿ ಸ್ವಲ್ಪ ಸ್ವಲ್ಪವಾಗಿ.

ತಾತ ಉತ್ತರದ ಕಡೆಯ ಪ್ರಾಟೆಸ್ಟೆಂಟ್. ಅಲ್ಲಿ ಜುಲೈ ಬಂತೆಂದರೆ ಕೊರಳಿನಿಂದ ಎದೆಗೆ ಇಳಿಯುವ ಕಿತ್ತಳೆ ಬಣ್ಣದ ಪಟ್ಟಿ ಧರಿಸಿ, ಕೊಳಲೂದುತ್ತ, ಡ್ರಮ್ ಬಾರಿಸುತ್ತ ಮೆರವಣಿಗೆ ಹೊರಡುತ್ತಾರೆ. ಶತಮಾನಗಳ ಹಿಂದೆ ತಮ್ಮ ರಾಜ ಕ್ಯಾಥೊಲಿಕ್ ರಾಜನನ್ನು ಸೋಲಿಸಿದ ನೆನಪಿಗೆ. ತಾತನ ಅಪ್ಪ, ಅಜ್ಜ ಎಲ್ಲರೂ ಹಾಗೆ ನಡೆದವರು. ತಾತ ಕ್ಯಾಥೊಲಿಕ್ ಹುಡುಗಿಯನ್ನು ಮದುವೆಯಾದರು. ಅಪ್ಪನ ಪಟ್ಟಿ ತಮ್ಮನ ಪಾಲಾಯಿತು. ಇವರು ದಕ್ಷಿಣಕ್ಕೆ ಬಂದುಬಿಟ್ಟರು. ಆಮೇಲೆ ಯಾವ ಮೆರವಣಿಗೆಯಲ್ಲೂ ಹೆಜ್ಜೆ ಹಾಕಲಿಲ್ಲ.

"ಬೇಜಾರಾಗಲ್ವಾ ನಿಮ್ಗೆ?" ಎಂದು ಒಮ್ಮೆ ಕೇಳಿದ್ದೆ.

"ಅವಳು ಸಿಕ್ಕಳಲ್ಲ. ಗ್ರ್ಯಾಂಡ್," ಎಂದರು, ಇಲ್ಲಿಯವರು 'ಎಲ್ಲ ಚೆನ್ನಾಗಿದೆ' ಅನ್ನುವುದೇ ಹಾಗೆ. ಬೆರಳು ಮಾತ್ರ ಬೇಲಿಯ ಹಲಗೆಯ ಮೇಲೆ ತಾಳ ಹಾಕುತ್ತಲೇ ಇತ್ತು.

ಆ ಹುಡುಗಿಯೇ ಈಗಿನ ಅಜ್ಜಿ. ಅವರದೂ ಅದೇ ಊರು, ಬೇರೆ ಬೀದಿ. ಮೆರವಣಿಗೆ ಬರುವ ಹೊತ್ತಿಗೆ ಅವರಮ್ಮ ಪರದೆ ಎಳೆದು ಮಕ್ಕಳನ್ನು ಹಿಂದಿನ ಕೋಣೆಗೆ ಸೇರಿಸುತ್ತಿದ್ದರಂತೆ. "ಕತ್ತಲಲ್ಲಿ ಟೀ ಕುಡೀತಾ ಕೂತಿರ್ತಿದ್ವಿ. ಡ್ರಮ್ ಸದ್ದಿಗೆ ಕಪ್ಪು, ಸಾಸರು ಗಡಗಡ ಅನ್ನೋವು," ಎಂದು ನನ್ನ ಫಿಲ್ಟರ್ ಕಾಫಿ ಕುಡಿಯುತ್ತ ಹೇಳಿದ್ದರು.

ಕಳೆದ ವರ್ಷ ಗಣಪತಿಯನ್ನು ನಮ್ಮ ಮನೆಯಲ್ಲಿ ಕೂರಿಸಿದ್ದೆವು. ಬಡಾವಣೆಗೆ ಒಂದು ಸುತ್ತು ಹಾಕಿ ಹಿತ್ತಲಿನ ನೀಲಿ ಟಬ್ಬಿನಲ್ಲಿ ವಿಸರ್ಜನೆ. ಮುಂದೆ ನಡೆಯಲು ನಮ್ಮಲ್ಲಿ ಹಿರಿಯರೇ ಇಲ್ಲ, ಎಲ್ಲರೂ ವರ್ಕ್ ಪರ್ಮಿಟ್‌ನವರು. ನಮ್ಮ ಯಜಮಾನರು ತಾತನನ್ನು ಕರೆತಂದು, ಬೆಂಗಳೂರಿನಿಂದ ತಂದಿದ್ದ ಶಾಲು ಹೊದಿಸಿಯೇಬಿಟ್ಟರು. ಕೇಸರಿ ಶಾಲು.

ಥೇಟ್ ಆ ಜುಲೈ ಪಟ್ಟಿಯ ಬಣ್ಣ. "ಅಲ್ರೀ, ಬೇರೆ ಬಣ್ಣ ಸಿಗ್ಲಿಲ್ವಾ ನಿಮ್ಗೆ?"

"ಗಣಪತಿಗೆ ಇನ್ಯಾವ ಬಣ್ಣ ತರ್ಲಿ? ಹಸಿರಾ?"

ಹಸಿರು ತಂದಿದ್ದರೆ ಅದು ಇನ್ನೊಂದು ಪಾರ್ಟಿ, ಕ್ಯಾಥೊಲಿಕ್ಕರ ಬಣ್ಣ. ಇವರಿಗೆ ಹೇಳಿ ಪ್ರಯೋಜನವಿಲ್ಲ.

ತಾತ ಶಾಲಿನ ಅಂಚನ್ನು ಬೆರಳಲ್ಲಿ ಹಿಡಿದು ನೋಡುತ್ತಲೇ ಇದ್ದರು. "ಬೇಡ ಅಂದ್ರೆ ತೆಗೆದುಬಿಡಿ," ಎಂದೆ.

"ಇರ್ಲಿ. ಆದ್ರೆ ನಮ್ಮನೆ ಮುಂದೆನೇ ಹೋಗ್ಬೇಕಲ್ಲ. ಅವಳು ಕಿಟಕೀಲಿ ಇರ್ತಾಳೆ."

ಹೊರಟೆವು. ಸೆಪ್ಟೆಂಬರ್ ಸಂಜೆ, ಮಳೆಯೋ ಮಂಜೋ ಹೇಳಲಾಗದಂಥ ತೇವ. ಒಂದೇ ಅಚ್ಚಿನ ಮನೆಗಳೆಲ್ಲ ನೀರಿನಡಿ ಇದ್ದಂತೆ ಅಲುಗುತ್ತಿದ್ದವು. ನಮ್ಮವರ ನಡಿಗೆ ಗೊತ್ತಲ್ಲ, ಒಬ್ಬರು ಫೋನಿನಲ್ಲಿ, ಒಬ್ಬರು ಮಗುವಿನ ಚಪ್ಪಲಿ ಹುಡುಕುತ್ತ. ತಾತ ಹಾಗಲ್ಲ. ಬೆನ್ನು ನೆಟ್ಟಗಾಯಿತು, ತಮಟೆಯ ಪೆಟ್ಟಿಗೆ ಸರಿಯಾಗಿ ಹೆಜ್ಜೆ ಬಿತ್ತು. ನೋಡನೋಡುತ್ತ ಹಿಂದಿದ್ದವರೆಲ್ಲ ಅದೇ ಹೆಜ್ಜೆ ಹಾಕತೊಡಗಿದರು, ಯಾರೂ ಹೇಳದೆ. ನಮ್ಮ ತಮಟೆಯ ಒಳಗಿಂದ ನಾನೆಂದೂ ನೋಡದ ಊರೊಂದರ ಡ್ರಮ್ಮು ಕೇಳಿಸುತ್ತಿದೆ ಅನ್ನಿಸಿತು. ಗಣಪತಿಯೂ ಆ ಮಂಜಿನಲ್ಲಿ ಯಾವುದೋ ಹಳೆಯ ರಾಜನಂತೆ ತೇಲುತ್ತಿದ್ದ.

ತಾತನ ಮನೆ ಬಂತು. ಕಿಟಕಿಯಲ್ಲಿ ಅಜ್ಜಿ. ಅವರ ಕೈ ಮೇಲಕ್ಕೆ ಹೋಯಿತು. ಪರದೆ ಮುಚ್ಚಿತು.

ತಾತ ನಿಂತುಬಿಟ್ಟರು. ತಮಟೆಯವನಿಗೆ ಏನೂ ಗೊತ್ತಿಲ್ಲ, ಬಾರಿಸುತ್ತಲೇ ಇದ್ದ. ತಾತನ ಕೈ ಶಾಲನ್ನು ಎಳೆದು ತೆಗೆಯಲು ಹೆಗಲಿಗೆ ಹೋಗಿತ್ತು. ಅಷ್ಟರಲ್ಲಿ ಬಾಗಿಲು ತೆರೆಯಿತು. ಅಜ್ಜಿ ಮನೆಯೊಳಗಿನ ಚಪ್ಪಲಿಯಲ್ಲೇ ಗೇಟಿನವರೆಗೆ ಬಂದರು. ಗಂಡನ ಹೆಗಲನ್ನು ನೋಡಿದರು, ತುಂಬಾ ಹೊತ್ತು.

"ಓರೆಯಾಗಿದೆ," ಎಂದು ಶಾಲಿನ ಎರಡು ತುದಿಗಳನ್ನೂ ಸಮ ಮಾಡಿ ಎದೆಯ ಮೇಲೆ ಬಿಟ್ಟರು. "ನಿಮ್ಮಪ್ಪ ನೋಡಿದ್ರೆ ಬೈತಿದ್ರು. ನಿಧಾನಕ್ಕೆ ನಡಿ, ಹಿಂದೆ ಮಕ್ಕಳಿದಾರೆ."

ಒಳಗೆ ಹೋದರು. ಪರದೆ ತೆರೆಯಲಿಲ್ಲ. ನಾವು ಮುಂದೆ ನಡೆದೆವು.

ಮರುದಿನ ಬೆಳಿಗ್ಗೆ ಶಾಲು ಒಗೆಸಿಕೊಂಡು, ಇಸ್ತ್ರಿಯಾಗಿ ಬೇಲಿಯ ಮೇಲಿಂದ ವಾಪಸ್ ಬಂತು.

"ಚೆನ್ನಾಗಿದೆ. ಆದ್ರೆ ನಮ್ಮನೇಲಿ ಬೇಡ," ಎಂದರು ಅಜ್ಜಿ. "ನಿಮ್ಮ ಬೀರುವಲ್ಲೇ ಇರ್ಲಿ. ಮುಂದಿನ ವರ್ಷ ಅವನಿಗೆ ಬೇಕಾಗುತ್ತೆ."

ಅವರ ಹಿಂದೆ ತಾತ ಕಸದ ಡಬ್ಬಿಯನ್ನು ರಸ್ತೆಗೆ ಎಳೆದೊಯ್ಯುತ್ತಿದ್ದರು. ಹೆಜ್ಜೆ ಇನ್ನೂ ಹಿಂದಿನ ಸಂಜೆಯದೇ.